ಹಬ್ಬವೂ ಬೇಕು, ಉಪವಾಸವೂ ಬೇಕು

ಓದಿ ಧ್ಯಾನಿಸಿ: ಪ್ರೇಷಿತರ ಕಾರ್ಯಕಲಾಪಗಳು 17:16-34, ಫಿಲಿಪ್ಪಿಯರಿಗೆ 4:10-14



ಜೂನ್ 1 ಬಂತೆಂದರೆ ಭಟ್ಕಳದ ಮಾವಿನಕುರ್ವೆ, ಹೊನ್ನಾವರದ ಕಾಸರಕೋಡ, ಕುಮಟಾ ತಾಲೂಕಿನ ತದಡಿ ಬಂದರುಗಳಲ್ಲಿ ಯಾಂತ್ರೀಕೃತ ದೋಣಿಗಳು ದಡ ಸೇರುತ್ತವೆ. ಜುಲೈ 31ರ ತನಕ, 61 ದಿನ, ಅವು ಕಡಲಿಗೆ ಇಳಿಯುವಂತಿಲ್ಲ. ಅದು ಮೀನು ಮರಿಮಾಡುವ ಕಾಲ. ಮೀನು ಬೇಡವೆಂದು ಯಾರೂ ಬಲೆ ಮಡಚಿಡುವುದಿಲ್ಲ. ಮೀನು ಉಳಿಯಲಿ ಎಂದೇ ಮಡಚಿಡುತ್ತಾರೆ. ನಮ್ಮ ಸುಖಸಂತೋಷಗಳಿಗೂ ಇದೇ ಪಾಠ ಸಲ್ಲುತ್ತದೆ.

ಸಂತ ಪೌಲರು ಅಥೆನ್ಸಿನಲ್ಲಿ ಎರಡು ಪಂಥದ ತತ್ವಜ್ಞಾನಿಗಳನ್ನು ಎದುರುಗೊಂಡರು. ಸುಖವೇ ಬಾಳಿನ ಗುರಿ ಎಂದವರು ಎಪಿಕೂರಿಯರು. ಆದರೆ ಅವರ ಗುರು ಎಪಿಕೂರಸ್ ಭೋಗಜೀವನವನ್ನು ಕಲಿಸಲಿಲ್ಲ. ಸರಳ ಊಟ, ಒಳ್ಳೆಯ ಸ್ನೇಹ, ನೆಮ್ಮದಿಯ ಮನಸ್ಸು ಇವೇ ಅವನಿಗೆ ಸುಖ. ಇನ್ನೊಂದು ಪಂಥದವರು ಸ್ತೋಯಿಕರು. ಹಣ, ಆರೋಗ್ಯ, ಹೆಸರು ನಮ್ಮ ಕೈಯಲ್ಲಿಲ್ಲ. ನಮ್ಮ ವಿವೇಕ ಮತ್ತು ಸಂಕಲ್ಪ ಮಾತ್ರ ನಮ್ಮವು ಎಂದರು ಅವರು. ಗುಲಾಮನಾಗಿದ್ದ ಎಪಿಕ್ಟೆಟಸನೂ ಚಕ್ರವರ್ತಿ ಮಾರ್ಕಸ್ ಔರೇಲಿಯಸನೂ ಇದೇ ಮಾರ್ಗದವರು.

ನಮ್ಮ ಊರುಗಳಲ್ಲಿ ಈ ಎರಡೂ ದಾರಿಗಳನ್ನು ಅತಿಗೆ ಒಯ್ದ ಮನೆಗಳಿವೆ. ಒಂದು ಮನೆಯಲ್ಲಿ ಮಗ ಗಲ್ಫಿನಲ್ಲಿ ಬೆವರು ಸುರಿಸಿ ಕಳಿಸಿದ ಹಣ ಮದುವೆಯ ಮುನ್ನಾದಿನದ ರೋಸ್ ಕಾರ್ಯಕ್ರಮಕ್ಕೇ ಮುಗಿಯುತ್ತದೆ. ಬ್ಯಾಂಡು, ಕುಡಿತ, ಬಂದವರ ಹೊಗಳಿಕೆ. ತಿಂಗಳೊಳಗೆ ತಾಯಿಯ ಬಳೆ ಅಡವಿಗೆ ಹೋಗುತ್ತದೆ. ಇನ್ನೊಂದು ಮನೆಯ ಯಜಮಾನರು ಬೀಡಿ ಸಹ ಮುಟ್ಟದವರು; ಆದರೆ ಮಕ್ಕಳು ನಕ್ಕರೆ ಗದರುತ್ತಾರೆ, ಹೆಂಡತಿ ತೌರಿನ ಸಾವಿಗೆ ಅತ್ತರೆ ವಿಶ್ವಾಸ ಸಾಲದು ಎನ್ನುತ್ತಾರೆ. ಆ ಮಕ್ಕಳು ದೊಡ್ಡವರಾದ ಮೇಲೆ ಮನೆಗೆ ಬರುವುದೇ ಅಪರೂಪ. ಎರಡೂ ಕಡೆ ನಷ್ಟ ಆಗುವುದು ಪಕ್ಕದಲ್ಲಿರುವವರಿಗೆ.

ಧರ್ಮಸಭೆ ಈ ಎರಡನ್ನೂ ಒಪ್ಪುವುದಿಲ್ಲ. ಸಂತ ಥಾಮಸ್ ಅಕ್ವಿನಾಸರು ಮಿತಿಮೀರಿದ ಭೋಗವನ್ನು ದೋಷವೆಂದರು; ದೇವರು ಪ್ರಕೃತಿಯಲ್ಲಿಟ್ಟ ಸಹಜ ಸುಖವನ್ನು ಕಾರಣವಿಲ್ಲದೆ ತಿರಸ್ಕರಿಸುವುದನ್ನೂ ದೋಷವೆಂದರು. ದುಃಖಕ್ಕೆ ಅವರು ಹೇಳಿದ ಮದ್ದುಗಳಲ್ಲಿ ಕಣ್ಣೀರು, ಸ್ನೇಹಿತರ ಸಾಂತ್ವನ, ನಿದ್ರೆ, ಸ್ನಾನವೂ ಸೇರಿವೆ! ಯೇಸುಸ್ವಾಮಿ ನಲವತ್ತು ದಿನ ಉಪವಾಸವಿದ್ದರು. ಕಾನಾ ಊರಿನ ಮದುವೆಯಲ್ಲಿ ದ್ರಾಕ್ಷಾರಸದ ಕೊರತೆಯನ್ನೂ ನೀಗಿಸಿದರು. ಲಾಜರನ ಸಮಾಧಿಯ ಬಳಿ ಅತ್ತರು.

ಸೆರೆಮನೆಯಿಂದ ಫಿಲಿಪ್ಪಿಯರಿಗೆ ಬರೆಯುವಾಗ ಪೌಲರು, ಸಮೃದ್ಧಿಯಲ್ಲೂ ಕೊರತೆಯಲ್ಲೂ ಬಾಳಲು ಕಲಿತಿದ್ದೇನೆ ಎನ್ನುತ್ತಾರೆ. ಅಲ್ಲಿ ಅವರು ಬಳಸಿದ 'ಸಂತೃಪ್ತಿ' ಎಂಬ ಅರ್ಥದ ಗ್ರೀಕ್ ಪದ ಸ್ತೋಯಿಕರಿಗೆ ಬಹಳ ಪ್ರಿಯವಾದದ್ದು. ಆದರೆ ಸ್ತೋಯಿಕನ ಸಂತೃಪ್ತಿ ತನ್ನ ಬಲದ ಮೇಲೆ ನಿಂತದ್ದು. ಪೌಲರದು ಕ್ರಿಸ್ತರ ಬಲದ ಮೇಲೆ ನಿಂತದ್ದು. ಆದುದರಿಂದಲೇ ಅವರು, ನನ್ನ ಕಷ್ಟದಲ್ಲಿ ನೀವು ಪಾಲುಗೊಂಡದ್ದು ಒಳ್ಳೆಯದಾಯಿತು ಎಂದು ನಾಚಿಕೆಯಿಲ್ಲದೆ ಹೇಳಬಲ್ಲರು. ಕೃತಜ್ಞತೆಯಿಂದ ಪಡೆದು ಹಂಚಿಕೊಂಡ ಸುಖ ನಮ್ಮನ್ನು ಕೆಡಿಸದು. ಪ್ರೀತಿಯಿಂದ ಮಾಡಿದ ತ್ಯಾಗ ನಮ್ಮನ್ನು ಒಣಗಿಸದು.

ಇದನ್ನು ಆಚರಣೆಗೆ ತರುವುದು ಹೇಗೆ?

1. ಮದುವೆ, ನಾಮಕರಣಗಳ ಖರ್ಚನ್ನು ಗಂಡ ಹೆಂಡತಿ ಮೊದಲೇ ಕೂತು ಗೊತ್ತುಮಾಡಿ. ಒಂದು ಸಂಜೆಗಾಗಿ ಸಾಲ ಬೇಡ.

2. ತಪಸ್ಸುಕಾಲದ ಉಪವಾಸದಲ್ಲಿ ಉಳಿದ ಹಣ ಮನೆಯ ಡಬ್ಬಿಗಲ್ಲ. ಮಳೆಗಾಲದಲ್ಲಿ ದುಡಿಮೆ ನಿಂತ ನೆರೆಮನೆಯನ್ನು ನೆನೆಯಿರಿ.

3. ಸಿರಾಖನ ಗ್ರಂಥ ಮಿತವಾದ ದ್ರಾಕ್ಷಾರಸವನ್ನು ಹೊಗಳುತ್ತದೆ, ನಿಜ. ಆದರೆ ನಿಲ್ಲಿಸಲಾಗದವನಿಗೆ ಮಿತಿ ಎಂದರೆ ಒಂದು ಹನಿಯೂ ಇಲ್ಲ. ಅವನಿಗೆ ಬೈಗುಳಕ್ಕಿಂತ ಚಿಕಿತ್ಸೆ ಬೇಕು.

4. ಸೆಪ್ಟೆಂಬರ್ 8ರ ಮಾತೆ ಮರಿಯಮ್ಮನವರ ಜನನದ ಹಬ್ಬದಂದು ಹೊಸ ತೆನೆಯ ಊಟವನ್ನು ಮನೆಮಂದಿಯೆಲ್ಲ ಒಟ್ಟಿಗೆ ಕೂತು ಉಣ್ಣಿ. ನಗಿರಿ, ಹಾಡಿರಿ. ಅದೂ ದೇವರ ಸ್ತುತಿಯೇ.

ಮನೆಯಲ್ಲಿ ಚರ್ಚಿಸಲು:

ನಮ್ಮ ಕಳೆದ ಹಬ್ಬದ ಸಂತೋಷದ ಭಾರವನ್ನು ಹೊತ್ತವರು ಯಾರು? ನಮ್ಮ ಮನೆಯಲ್ಲಿ ಅಳಲು ಅಥವಾ ನಗಲು ಹೆದರುವವರು ಇದ್ದಾರೆಯೇ?

ಪ್ರಾರ್ಥನೆ: ಪ್ರಭುವೇ, ಬಲೆ ಬೀಸುವ ಕಾಲವನ್ನೂ ಮಡಚಿಡುವ ಕಾಲವನ್ನೂ ಅರಿಯುವ ವಿವೇಕವನ್ನು ನಮಗೆ ಕೊಡಿ. ಆಮೆನ್.