ಗಡಿಯಾರ, ಗಾಜು ಮತ್ತು ತೆರೆದ ಮಾರುಕಟ್ಟೆ

ಕುಮಾರಸ್ವಾಮಿ ಲೇಔಟಿನಲ್ಲಿ ನಮ್ಮ ಮನೆಯ ಸಮೀಪದ ಗಡಿಯಾರ ರಿಪೇರಿ ಅಂಗಡಿಗೆ ಕಳೆದ ತಿಂಗಳು ನನ್ನ ತಂದೆಯವರ ಎಚ್.ಎಂ.ಟಿ. ‘ಜನತಾ’ ಕೈಗಡಿಯಾರವನ್ನು ಒಯ್ದಿದ್ದೆ. ಕೀಲಿ ಕೊಟ್ಟರೆ ನಡೆಯುವ ಯಂತ್ರವದು. ಅದರ ಸಮತೋಲನ ಚಕ್ರವು ಸೆಕೆಂಡಿಗೆ ಎರಡೂವರೆ ಸಲ ಆಂದೋಲಿಸುತ್ತದೆ. ಅಂಗಡಿಯ ಗಾಜಿನ ಪೆಟ್ಟಿಗೆಯಲ್ಲಿದ್ದ ಅಗ್ಗದ ಗಡಿಯಾರಗಳೊಳಗಿನ ಸ್ಫಟಿಕದ ತುಣುಕಾದರೋ ಸೆಕೆಂಡಿಗೆ 32,768 ಸಲ ಕಂಪಿಸುತ್ತದೆ. ಈ ಸಂಖ್ಯೆಯನ್ನು ಹದಿನೈದು ಸಲ ಅರ್ಧಿಸಿದರೆ ಒಂದು ದೊರೆಯುತ್ತದೆ. ವಿದ್ಯಾರ್ಥಿಗಳು ಲೆಕ್ಕ ಮಾಡಿ ನೋಡಬಹುದು. ಈ ಎರಡು ಯಂತ್ರಗಳ ನಡುವೆ ಭೌತಶಾಸ್ತ್ರದ ಪಾಠದೊಡನೆ ಅರ್ಥಶಾಸ್ತ್ರದ ಪಾಠವೊಂದೂ ಅಡಗಿದೆ.

ಹಿಂದೂಸ್ತಾನ್ ಮೆಷಿನ್ ಟೂಲ್ಸ್ ಸಂಸ್ಥೆಯು ಸ್ವಿಟ್ಜರ್ಲೆಂಡಿನ ಅರ್ಲಿಕಾನ್ ಸಂಸ್ಥೆಯ ಸಹಕಾರದಿಂದ 1953ರಲ್ಲಿ ಆರಂಭವಾಯಿತು. 1961ರಲ್ಲಿ ಜಪಾನಿನ ಸಿಟಿಜನ್ ಸಂಸ್ಥೆಯೊಡನೆ ಕೈಗಡಿಯಾರದ ಕೆಲಸಕ್ಕೆ ತೊಡಗಿತು. ನಮ್ಮ ದೇಶದ್ದು ಪೂರ್ವ ಯುರೋಪಿನಂತಹ ಸಮಾಜವಾದವಲ್ಲ, ಮಿಶ್ರ ಅರ್ಥವ್ಯವಸ್ಥೆ. ಆದರೂ ಲೈಸೆನ್ಸು ಮತ್ತು ಆಮದು ನಿರ್ಬಂಧಗಳು ಎತ್ತರದ ಗೋಡೆಗಳಂತಿದ್ದುವು. ಆ ಗೋಡೆಯ ಮರೆಯಲ್ಲಿ ಜಾಲಹಳ್ಳಿಯ ಕಾರ್ಖಾನೆ ಬೆಳೆಯಿತು. ಕಾರ್ಮಿಕನಿಗೆ ಅಲ್ಲಿ ದೊರೆತದ್ದು ಸಂಬಳ ಮಾತ್ರವಲ್ಲ. ವಸತಿ, ಆಸ್ಪತ್ರೆ, ಮಕ್ಕಳಿಗೆ ಶಾಲೆ ಇವೆಲ್ಲವೂ ಆ ಒಂದೇ ಕಂಬಕ್ಕೆ ಆತುಕೊಂಡಿದ್ದುವು. ಕಂಬ ಅಲುಗಿದರೆ ಎಲ್ಲವೂ ಅಲುಗುವುದು ಸಹಜ.

ಗೋಡೆ ಇಳಿದಾಗ ಆಗುವುದೇನು? ಒಂದು ಚಿಕ್ಕ ಪ್ರಯೋಗವನ್ನು ನೆನೆಯೋಣ. ಚೆನ್ನಾಗಿ ಕಾದ ಗಾಜಿನ ಲೋಟಕ್ಕೆ ತಣ್ಣೀರು ಸುರಿದರೆ ಅದು ಬಿರಿಯುತ್ತದೆ. ತಾನೇ ಆರಲು ಬಿಟ್ಟರೆ ಏನೂ ಆಗದು. ಕೊನೆಯ ಉಷ್ಣತೆ ಎರಡರಲ್ಲಿಯೂ ಒಂದೇ. ಗಾಜು ಶಾಖವನ್ನು ಮೆಲ್ಲಗೆ ಸಾಗಿಸುವುದರಿಂದ, ಒಳಮೈ ಥಟ್ಟನೆ ತಣಿದು ಕುಗ್ಗಲು ಹವಣಿಸುವಾಗ ಇನ್ನೂ ಬಿಸಿಯಾಗಿರುವ ಉಳಿದ ಭಾಗವು ಅದನ್ನು ತಡೆಯುತ್ತದೆ. ಈ ಎಳೆದಾಟವನ್ನು ಗಾಜು ತಾಳಲಾರದು.

ಪೂರ್ವ ಜರ್ಮನಿಗೆ 1990ರ ಜುಲೈ 1ರಂದು ಪಶ್ಚಿಮದ ನಾಣ್ಯವು ಒಮ್ಮೆಲೇ ಬಂದಿತು. ಸಂಬಳಗಳನ್ನು ಒಂದಕ್ಕೆ ಒಂದರಂತೆ ಬದಲಾಯಿಸಲಾಯಿತು. ಹಳೆಯ ಕಾರ್ಖಾನೆಗಳ ಸರಕು ರಾತ್ರಿ ಬೆಳಗಾಗುವುದರೊಳಗೆ ದುಬಾರಿಯಾಯಿತು. ಲಕ್ಷಾಂತರ ಜನ ಕೆಲಸ ಕಳೆದುಕೊಂಡರು. 1990ರಿಂದ 1994ರೊಳಗೆ ಅಲ್ಲಿ ಹುಟ್ಟುವ ಮಕ್ಕಳ ಸಂಖ್ಯೆ ಅರ್ಧಕ್ಕೂ ಕೆಳಗಿಳಿಯಿತು. ನಾಳೆಯ ಮೇಲಿನ ನಂಬಿಕೆಯನ್ನು ಅಳೆಯಲು ಇದಕ್ಕಿಂತ ಸೂಕ್ಷ್ಮವಾದ ಮಾಪಕವನ್ನು ನಾನು ಕಾಣೆ.

ಆದರೆ ವೇಗವೊಂದೇ ಕಾರಣವೆಂದರೆ ತಪ್ಪಾದೀತು. ಪೋಲೆಂಡ್ ಸಹ 1990ರ ಜನವರಿಯಲ್ಲಿ ಹಠಾತ್ತನೆ ಬೆಲೆಗಳನ್ನು ಸಡಿಲಿಸಿತು. ಅಲ್ಲಿಯ ಪುರುಷರ ಸರಾಸರಿ ಆಯುಷ್ಯವು 1991ರಲ್ಲಿ ಸುಮಾರು 66 ವರ್ಷವಿದ್ದುದು, ಯುರೋಪಿನ ಒಕ್ಕೂಟವನ್ನು ಸೇರಿದ 2004ರ ವೇಳೆಗೆ 70ನ್ನು ದಾಟಿತ್ತು. ರಷ್ಯದಲ್ಲಿ ಅದೇ ಆಯುಷ್ಯವು 1990ರಲ್ಲಿ ಸುಮಾರು 64 ಇದ್ದು 1994ರಲ್ಲಿ 58ಕ್ಕಿಂತ ಕೆಳಗೆ ಕುಸಿಯಿತು. ಪ್ರಯೋಗಶಾಲೆಯ ಬೋರೋಸಿಲಿಕೇಟ್ ಗಾಜು ಹಠಾತ್ ತಂಪನ್ನು ತಾಳುವುದು ಅದು ಕಡಿಮೆ ಹಿಗ್ಗಿ ಕುಗ್ಗುವುದರಿಂದ. ಅಂದರೆ ವಸ್ತುವಿನ ಗುಣವೂ ಮುಖ್ಯ. ಸಮಾಜದಲ್ಲಿ ಆ ಗುಣವನ್ನು ಕೊಡುವಂಥವು ಪಿಂಚಣಿ, ನಿರುದ್ಯೋಗ ಭತ್ಯ, ಹೊಸ ಸಣ್ಣ ಉದ್ಯಮಗಳು. ಪೂರ್ವ ಜರ್ಮನಿಯಲ್ಲಿ ಹುಟ್ಟುವವರು ಕಡಮೆಯಾದರೂ ಪಶ್ಚಿಮದ ಹಣ ಹರಿದುಬಂದುದರಿಂದ ವೃದ್ಧರ ಆಯುಷ್ಯ ಹೆಚ್ಚಿತು.

ನಮ್ಮ ಗಡಿಯಾರಕ್ಕೆ ಹಿಂದಿರುಗೋಣ. ಇಲ್ಲಿ ತಂಪು ನಿಧಾನವಾಗಿಯೇ ಬಂದಿತು. 1984ರಲ್ಲಿ ಟೈಟಾನ್ ಸ್ಥಾಪನೆಯಾಗಿ ಹೊಸೂರಿನಿಂದ ಸ್ಫಟಿಕ ಗಡಿಯಾರಗಳನ್ನು ತಂದಿತು. 1991ರಲ್ಲಿ ಆರ್ಥಿಕ ಸುಧಾರಣೆ. 2001ರ ಏಪ್ರಿಲಿನಲ್ಲಿ ಆಮದಿನ ಪ್ರಮಾಣ ನಿರ್ಬಂಧಗಳ ಕೊನೆಯ ಕಂತು ತೆಗೆಯಲ್ಪಟ್ಟಿತು. ಎಚ್.ಎಂ.ಟಿ. ಸಹ ಸ್ಫಟಿಕ ಗಡಿಯಾರಗಳನ್ನು ಮಾಡಿತ್ತು, ಆದರೆ ಅದರ ಒಲವು ಕೀಲಿಯ ಯಂತ್ರದ ಮೇಲೆಯೇ ಉಳಿಯಿತು. ದೊರೆತ ಕಾಲಾವಕಾಶ ಹಾಗೆಯೇ ಕಳೆಯಿತೆಂದು ನನ್ನ ಎಣಿಕೆ. 2016ರ ಜನವರಿಯಲ್ಲಿ ಕೇಂದ್ರ ಸರ್ಕಾರವು ಗಡಿಯಾರ ಸಂಸ್ಥೆಯನ್ನು ಮುಚ್ಚಲು ಒಪ್ಪಿತು. ಉಳಿದ ಕೆಲಸಗಾರರಿಗೆ ಸ್ವಯಂನಿವೃತ್ತಿಯ ಹಣ ದೊರೆಯಿತು. ಐವತ್ತು ದಾಟಿದ ಕುಶಲಕರ್ಮಿಗೆ ಅದೇ ಕೈಚಳಕವನ್ನು ಬೇಡುವ ಬೇರೊಂದು ಮೇಜು ದೊರೆಯುವುದು ಬೇರೆಯೇ ಮಾತು.

ರಿಪೇರಿಯವರು ನನ್ನ ತಂದೆಯವರ ಗಡಿಯಾರದ ಮುರಿದ ಕಡ್ಡಿಗಾಗಿ ಹಳೆಯ ತಗಡಿನ ಡಬ್ಬಿಯೊಂದನ್ನು ಬಗ್ಗಿಸಿ ಹುಡುಕಿದರು. ಬೇರೊಂದು ‘ಜನತಾ’ದಿಂದ ಕಳಚಿಟ್ಟಿದ್ದ ಕಡ್ಡಿಯು ಸರಿಯಾಗಿ ಕೂತಿತು.