ಘಾಟಿಯಲ್ಲಿ ಮಾತ್ರ ಹೊಡೆಯುವ ಮಿಸ್ಸಿಂಗ್

ಗ್ಯಾರೇಜಿನ ಮುಂದೆ ನಿಲ್ಲಿಸಿದರೆ ಎಂಜಿನ್‌ಗೆ ಯಾವ ಕಾಯಿಲೆಯೂ ಇಲ್ಲ. ಮಂಗಳೂರಿನಿಂದ ಹೊರಟು ಗುಂಡ್ಯ ದಾಟಿ ಶಿರಾಡಿ ಘಾಟಿ ಹತ್ತುವಾಗ, ಅದೂ ಮೂರನೇ ಗೇರಿನಲ್ಲಿ ಆಕ್ಸಿಲರೇಟರ್ ಒತ್ತಿದಾಗ, ಗಾಡಿ ಜರ್ಕ್ ಹೊಡೆಯುತ್ತಿತ್ತು. ಚೆಕ್ ಎಂಜಿನ್ ದೀಪ ಮಿನುಗುತ್ತಿತ್ತು. ಸಕಲೇಶಪುರ ಮುಟ್ಟಿದ ಮೇಲೆ ಮತ್ತೆ ಸಾಧು. ಪೆಟ್ರೋಲ್ ಕಲಬೆರಕೆ ಎಂದವರಿದ್ದರು, ಕ್ಲಚ್ ಹೋಗಿದೆ ಎಂದವರೂ ಇದ್ದರು.

ಸುಳಿವು ಇದ್ದದ್ದೇ ಆ ಏರಿನಲ್ಲಿ. ಬ್ಯಾಟರಿಯ 12 ವೋಲ್ಟನ್ನು ಇಗ್ನಿಷನ್ ಕಾಯಿಲ್ ಹತ್ತಾರು ಸಾವಿರ ವೋಲ್ಟಿಗೆ ಏರಿಸುತ್ತದೆ. ಪ್ಲಗ್ಗಿನ ತುದಿಯಲ್ಲಿರುವ ಸುಮಾರು 1 ಮಿ.ಮೀ. ಸಂದನ್ನು ಕಿಡಿ ಹಾರಬೇಕಲ್ಲ, ಅದಕ್ಕೆ. ಏರು ಹತ್ತುವಾಗ ಸಿಲಿಂಡರಿನೊಳಗೆ ಗಾಳಿ, ಪೆಟ್ರೋಲ್ ಹೆಚ್ಚು ತುಂಬುತ್ತವೆ, ಒತ್ತಡ ಏರುತ್ತದೆ, ಅದೇ ಸಂದನ್ನು ಹಾರಲು ಇನ್ನೂ ಹೆಚ್ಚು ವೋಲ್ಟೇಜ್ ಬೇಕಾಗುತ್ತದೆ. ಆಗ ಕರೆಂಟ್ ಸುಲಭದ ದಾರಿ ಹುಡುಕುತ್ತದೆ. ಕಾಯಿಲ್ ಮತ್ತು ಪ್ಲಗ್ಗಿನ ನಡುವಿನ ರಬ್ಬರ್ ಕ್ಯಾಪಿನಲ್ಲಿ ಕೂದಲೆಳೆಯಷ್ಟು ಬಿರುಕಿದ್ದರೂ ಸಾಕು, ಅಲ್ಲಿಂದ ಎಂಜಿನ್ ಹೆಡ್ಡಿಗೆ ಜಿಗಿದುಬಿಡುತ್ತದೆ. ಐಡ್ಲಿಂಗಿನಲ್ಲಿ ಅಷ್ಟು ವೋಲ್ಟೇಜ್ ಬೇಕಿಲ್ಲವಾದ್ದರಿಂದ ಎಲ್ಲವೂ ಸರಿ ಇರುವಂತೆ ಕಾಣುತ್ತದೆ.

“ನಾಲ್ಕೂ ಕಾಯಿಲ್ ಹಾಕಿ ಬಿಡುವಾ ಸರ್, ಮತ್ತೆ ಮಂಡೆಬಿಸಿ ಇಲ್ಲ” ಎಂದ ಮೆಕ್ಯಾನಿಕ್. ಅವನ ಮಾತಿನಲ್ಲಿ ಮೋಸವಿರಲಿಲ್ಲ. ಗಿರಾಕಿ ಎರಡನೇ ಸಲ ಬಂದು ಬೈಯಬಾರದು ಎಂಬ ಮುಂದಾಲೋಚನೆ ಅಷ್ಟೆ. ಆದರೂ ಸ್ವಲ್ಪ ತಡೆಯೋಣ ಎಂದೆ. ಸ್ಕ್ಯಾನರ್ ಹಾಕಿದರೆ ಪಿ0302, ಅಂದರೆ ಎರಡನೇ ಸಿಲಿಂಡರ್ ಮಿಸ್ ಆಗುತ್ತಿದೆ. ಎರಡನೆಯದರ ಕಾಯಿಲನ್ನು ಮೂರಕ್ಕೆ, ಮೂರನೆಯದನ್ನು ಎರಡಕ್ಕೆ ಹಾಕಿಸಿ, ಕೋಡ್ ಅಳಿಸಿ, ಕೆಂಜಾರಿನಿಂದ ವಿಮಾನ ನಿಲ್ದಾಣದ ಗುಡ್ಡಕ್ಕೆ ಹತ್ತಿಸಿದೆವು. ಈ ಸಲ ಪಿ0303. ತೊಂದರೆ ಕಾಯಿಲಿನ ಜತೆಗೇ ಹೋಗಿತ್ತು. ಹೋಗದಿದ್ದರೆ ಪ್ಲಗ್, ಇಂಜೆಕ್ಟರ್, ಕಂಪ್ರೆಷನ್ ಕಡೆ ನೋಡಬೇಕಿತ್ತು.

ಬಹಳ ಮಂದಿ ಇಲ್ಲಿಗೇ ನಿಲ್ಲಿಸಿ ಹೊಸ ಕಾಯಿಲ್ ತರುತ್ತಾರೆ. ಆದರೆ ಕಾಯಿಲಿನ ಜತೆ ಕ್ಯಾಪೂ ಹೋಗಿತ್ತಲ್ಲ! ನಮ್ಮ ಗಾಡಿಯಲ್ಲಿ ಕ್ಯಾಪ್ ಎಳೆದರೆ ಬೇರೆಯಾಗಿ ಬರುತ್ತದೆ (ಕೆಲವು ಕಾರುಗಳಲ್ಲಿ ಒಂದೇ ಅಚ್ಚು, ಅಲ್ಲಿ ಈ ಉಪಾಯ ನಡೆಯದು). ಕ್ಯಾಪ್ ಮಾತ್ರ ಅದಲುಬದಲು ಮಾಡಿ ಮತ್ತೆ ಗುಡ್ಡ ಹತ್ತಿಸಿದರೆ ಕೋಡ್ ಎರಡಕ್ಕೇ ವಾಪಸ್. ಕಾಯಿಲ್ ನಿರಪರಾಧಿ.

ಬಿಸಿಲಿಗೆ ಹಿಡಿದಾಗ ಆ ಕ್ಯಾಪಿನ ತುದಿ ಊದಿಕೊಂಡಿತ್ತು, ಒಳಗೋಡೆಯಲ್ಲಿ ಇದ್ದಿಲಿನ ಸಣ್ಣ ಗೆರೆ. ಪ್ಲಗ್ಗಿನ ಗುಂಡಿಯಲ್ಲಿ ಆಯಿಲ್ ನಿಂತಿತ್ತು. ಟ್ಯಾಪೆಟ್ ಕವರಿನ ಪ್ಯಾಕಿಂಗ್ ಗಟ್ಟಿಯಾಗಿ ಅಲ್ಲಿಂದ ಜಿನುಗಿದ ಆಯಿಲ್ ರಬ್ಬರನ್ನು ತಿಂದಿತ್ತು. ಪ್ಯಾಕಿಂಗ್ ಬದಲಿಸದೆ ಹೊಸ ಕ್ಯಾಪ್ ಹಾಕಿದ್ದರೆ ಅದಕ್ಕೂ ಇದೇ ಗತಿ. ಪ್ಲಗ್ಗಿನ ಬಿಳಿ ಪಿಂಗಾಣಿಯ ಮೇಲೂ ಕರೆಂಟ್ ಹರಿದ ಗುರುತಿತ್ತು. ಅದನ್ನು ಹಾಗೇ ಬಿಟ್ಟರೆ ಕಿಡಿ ಮತ್ತೆ ಅದೇ ಜಾಡು ಹಿಡಿಯುತ್ತದೆ. ಹಾಗಾಗಿ ಪ್ಲಗ್, ಕ್ಯಾಪ್ ನಾಲ್ಕೂ ಹೊಸದು. ಕಾಯಿಲ್ ಒಂದೂ ಇಲ್ಲ.

ಕೆಲಸ ದೊಡ್ಡದಲ್ಲ, ಅವಸರ ಮಾತ್ರ ಕೂಡದು. ಅಲ್ಯೂಮಿನಿಯಂ ಹೆಡ್ ಪೂರ್ತಿ ತಣ್ಣಗಾಗಬೇಕು, ಬಿಸಿಯಲ್ಲಿ ಪ್ಲಗ್ ಬಿಚ್ಚಿದರೆ ಥ್ರೆಡ್ ಕಿತ್ತುಬರಬಹುದು. ಕನೆಕ್ಟರಿನ ಪ್ಲಾಸ್ಟಿಕ್ ಲಾಕ್ ಹಳೆಯ ಕಾರುಗಳಲ್ಲಿ ಬಿಸ್ಕತ್ತಿನ ಹಾಗೆ ಮುರಿಯುತ್ತದೆ. ಕ್ಯಾಪನ್ನು ಸ್ವಲ್ಪ ತಿರುಚಿ ಸಡಿಲಿಸಿ ಎಳೆಯಬೇಕು. ಪ್ಲಗ್ ಬಿಚ್ಚುವ ಮೊದಲು ನಿಂತ ಆಯಿಲ್ ಒರೆಸಿ, ಗುಂಡಿಗೆ ಗಾಳಿ ಹೊಡೆಸಬೇಕು, ಇಲ್ಲದಿದ್ದರೆ ಅಲ್ಲಿನ ಮರಳು ನೇರ ಸಿಲಿಂಡರಿಗೆ. ಹೊಸ ಪ್ಲಗ್ಗನ್ನು ಮೊದಲು ಬೆರಳಿನಿಂದಲೇ ತಿರುಗಿಸಿ ಕೂರಿಸಬೇಕು. ಕ್ಯಾಪಿನ ಬಾಯಿಗೆ ತೆಳುವಾಗಿ ಸಿಲಿಕೋನ್ ಗ್ರೀಸ್. ಬೇರಿಂಗಿಗೆ ಹಚ್ಚುವ ಗ್ರೀಸ್ ಬೇಡ, ಅದೂ ರಬ್ಬರಿಗೆ ಶತ್ರು.

ದೀಪ ಮಿನುಗುತ್ತಿರುವಾಗ ಆಕ್ಸಿಲರೇಟರ್ ಒತ್ತಿಕೊಂಡು ಘಾಟಿ ಹತ್ತುವ ಹಟವನ್ನಂತೂ ಬಿಟ್ಟಿದ್ದೇನೆ. ಉರಿಯದ ಪೆಟ್ರೋಲ್ ಸೈಲೆನ್ಸರ್ ಪೈಪಿಗೆ ಹೋಗಿ ಕ್ಯಾಟಲಿಟಿಕ್ ಕನ್ವರ್ಟರನ್ನು ಸುಡುತ್ತದೆ, ಅದರ ಬೆಲೆಯ ಮುಂದೆ ನಾಲ್ಕು ಕಾಯಿಲ್ ಏನೂ ಅಲ್ಲ. ಪ್ಲಗ್ಗಿನ ಗುಂಡಿಗೆ ನೀರೂ ಇಳಿಯಬಾರದಲ್ಲ, ಹಾಗಾಗಿ ವಾಟರ್ ಸರ್ವಿಸಿನ ಹುಡುಗರು ಬಾನೆಟ್ ಎತ್ತಿ ಪ್ರೆಷರ್ ಪೈಪ್ ಹಿಡಿದರೆ “ಒಳಗೆ ಬೇಡ ಮಾರಾಯಾ, ಒರೆಸಿದರೆ ಸಾಕು” ಎನ್ನುತ್ತೇನೆ. ವಿಚಿತ್ರ ಗಿರಾಕಿ ಎಂದುಕೊಳ್ಳುತ್ತಾರೆ, ಇರಲಿ.