ಶಿಲೆಗಳಲ್ಲಿ ಜೀವಚರಿತ್ರೆ

ಧಾರವಾಡ ಜಿಲ್ಲೆಯ ಗುಡಗೇರಿಯ ಸುತ್ತಮುತ್ತ ವಿಶಾಲವಾದ ಎರೆಹೊಲಗಳಿವೆ. ಆ ಕಪ್ಪು ಮಣ್ಣಿನ ತಳದಲ್ಲಿರುವ ಶಿಲೆಗಳು ಬಹು ಪ್ರಾಚೀನವಾದವು. ಹತ್ತೊಂಬತ್ತನೆಯ ಶತಮಾನದಲ್ಲಿ ರಾಬರ್ಟ್ ಬ್ರೂಸ್ ಫೂಟ್ ಎಂಬ ಭೂವಿಜ್ಞಾನಿಯು ಈ ಶಿಲಾವರ್ಗಕ್ಕೆ ‘ಧಾರವಾಡ’ ಎಂಬ ಹೆಸರನ್ನೇ ಕೊಟ್ಟನು. ಇವುಗಳ ವಯಸ್ಸು 250 ಕೋಟಿ ವರ್ಷಗಳಿಗೂ ಮಿಗಿಲು.

ಈ ಶಿಲೆಗಳಲ್ಲಿ ಶಂಖವಾಗಲಿ ಮೀನಿನ ಎಲುಬಾಗಲಿ ದೊರೆಯುವುದಿಲ್ಲ. ಅಂಥ ಪ್ರಾಣಿಗಳು ಆಗಿನ್ನೂ ಹುಟ್ಟಿರಲಿಲ್ಲ. ಆದರೆ ಇದೇ ವರ್ಗಕ್ಕೆ ಸೇರಿದ ಚಿತ್ರದುರ್ಗ, ಶಿವಮೊಗ್ಗ ಪ್ರದೇಶಗಳ ಸುಣ್ಣಕಲ್ಲುಗಳಲ್ಲಿ ಪದರಪದರವಾದ ಸ್ಟ್ರೊಮ್ಯಾಟೊಲೈಟ್‌ಗಳಿವೆ. ಅವು ಸೂಕ್ಷ್ಮಜೀವಿಗಳು ಆಳವಿಲ್ಲದ ನೀರಿನಲ್ಲಿ ಕಟ್ಟಿದ ರಚನೆಗಳು.

ಸುಮಾರು 54 ಕೋಟಿ ವರ್ಷಗಳ ಹಿಂದೆ ಆರಂಭವಾದ ಕೇಂಬ್ರಿಯನ್ ಯುಗದ ಶಿಲೆಗಳಲ್ಲಾದರೋ ದೃಶ್ಯವೇ ಬೇರೆ. ಚಿಪ್ಪು, ಕವಚ, ಕಾಲು, ಕಣ್ಣುಗಳುಳ್ಳ ಪ್ರಾಣಿಗಳು ಗುಂಪುಗುಂಪಾಗಿ ಕಾಣಿಸಿಕೊಳ್ಳುತ್ತವೆ. ಇವು ಒಮ್ಮೆಲೇ ಎಲ್ಲಿಂದ ಬಂದವು? ಈ ಪ್ರಶ್ನೆ ಡಾರ್ವಿನ್ನನನ್ನೂ ಕಾಡಿತು. ತನ್ನ ವಾದಕ್ಕೆ ಇದು ದೊಡ್ಡ ತೊಡಕೆಂದು 1859ರ ಗ್ರಂಥದಲ್ಲಿ ಅವನು ಮುಚ್ಚುಮರೆಯಿಲ್ಲದೆ ಒಪ್ಪಿಕೊಂಡನು. ಶಿಲೆಗಳ ದಾಖಲೆ ಅಪೂರ್ಣವೆಂದೂ ಸೂಚಿಸಿದನು.

ಆ ಕೊರತೆ ಕ್ರಮೇಣ ತುಂಬುತ್ತ ಬಂದಿತು. 1946ರಲ್ಲಿ ಆಸ್ಟ್ರೇಲಿಯದ ಎಡಿಯಾಕರ ಬೆಟ್ಟಗಳಲ್ಲಿ ಮೃದುದೇಹದ ಜೀವಿಗಳ ಅಚ್ಚುಗಳು ದೊರೆತವು. ಅವು ಕೇಂಬ್ರಿಯನ್ ಯುಗಕ್ಕಿಂತ ಹಿಂದಿನವೆಂದು ಅನಂತರ ತಿಳಿಯಿತು. ಮೃದುವಾದ ಒಡಲು ಬೇಗ ಕೊಳೆತುಹೋಗುತ್ತದೆ. ಗಟ್ಟಿಯಾದ ಚಿಪ್ಪು ಉಳಿಯುತ್ತದೆ. ‘ಹಠಾತ್ತಾಗಿ’ ಕಾಣುವ ಕೇಂಬ್ರಿಯನ್ ಬೆಳವಣಿಗೆಗೂ ಕೋಟ್ಯಂತರ ವರ್ಷಗಳು ಹಿಡಿದವು. ಆದರೂ ಭೂಮಿಯ ದೀರ್ಘ ಇತಿಹಾಸದಲ್ಲಿ ಅದು ವೇಗವಾದುದೇ ಸರಿ. ಅದರ ಕಾರಣಗಳನ್ನು ವಿಜ್ಞಾನಿಗಳು ಇಂದಿಗೂ ಚರ್ಚಿಸುತ್ತಿದ್ದಾರೆ.

ಒಂದು ಜೀವಿಯ ಮೊದಲ ಗುರುತು ದೊರೆತ ಕಾಲವೇ ಅದು ಹುಟ್ಟಿದ ಕಾಲವೆಂದು ಹೇಳುವಂತಿಲ್ಲ.